ಆಲ್ಜೀರಿಯದ ಭಾಷಾವೈವಿಧ್ಯ: ಒಂದು ಐತಿಹಾಸಿಕ ವಿವೇಚನೆ

ಮೊರಾಕೋದಿಂದ ಇರಾಕಿನವರೆಗಿನ ಭೂಭಾಗವನ್ನು ಒಂದೇ ಬಣ್ಣದಿಂದ ತುಂಬಿ ‘ಅರಬ್ಬೀ ಭಾಷಾ ಪ್ರದೇಶ’ವೆಂದು ಸೂಚಿಸುವುದು ನಮ್ಮ ತರಗತಿಗಳ ಭೂಪಟಗಳಲ್ಲಿ ರೂಢಿಯಾಗಿದೆ. ಪಾಠ ಹೇಳುವುದಕ್ಕೆ ಇದು ಅನುಕೂಲವಾದರೂ ಇತಿಹಾಸದ ವಿದ್ಯಾರ್ಥಿಗೆ ಇದರಿಂದ ತಪ್ಪು ಕಲ್ಪನೆಯುಂಟಾಗುವ ಸಂಭವವಿದೆ. ಆಫ್ರಿಕದ ರಾಷ್ಟ್ರಗಳಲ್ಲಿ ವಿಸ್ತೀರ್ಣದಿಂದ ಅತ್ಯಂತ ದೊಡ್ಡದಾದ ಆಲ್ಜೀರಿಯವನ್ನೇ ತೆಗೆದುಕೊಂಡರೆ, ಅಲ್ಲಿ ಜನರು ಮನೆಯಲ್ಲಿ ಆಡುವ ಮಾತು, ಶಾಲೆಯಲ್ಲಿ ಕಲಿಯುವ ಮಾತು, ಕಚೇರಿಯಲ್ಲಿ ಬರೆಯುವ ಮಾತು ಇವು ಬಹುಮಟ್ಟಿಗೆ ಬೇರೆ ಬೇರೆ. ಈ ಸ್ಥಿತಿ ಹೇಗೆ ಒದಗಿತು, ಅದರಿಂದ ಅಲ್ಲಿ ಯಾವ ಸಂಘರ್ಷ ಹುಟ್ಟಿತು ಎಂಬುದನ್ನು ಇಲ್ಲಿ ವಿವೇಚಿಸಲು ಯತ್ನಿಸಿದ್ದೇವೆ.

ಈ ನಾಡಿನ ಅತ್ಯಂತ ಪ್ರಾಚೀನ ಭಾಷಾವರ್ಗ ಬರ್ಬರ್. ಆ ಹೆಸರು ಹೊರಗಿನವರು ಇಟ್ಟದ್ದು. ಆ ಜನರು ತಮ್ಮನ್ನು ಅಮಾಝಿಘ್ ಎಂದೂ ತಮ್ಮ ಭಾಷೆಯನ್ನು ತಮಾಝಿಘ್ತ್ ಎಂದೂ ಕರೆದುಕೊಳ್ಳುತ್ತಾರೆ. ಕ್ರಿ. ಪೂ. ಎರಡನೆಯ ಶತಮಾನದಲ್ಲಿ ನುಮಿಡಿಯದ ಅರಸು ಮಸಿನಿಸ್ಸನು ಈಗಿನ ಕಾನ್‌ಸ್ಟಂಟೈನ್ ನಗರವಾದ ಸಿರ್ಟದಿಂದ ಆಳುತ್ತಿದ್ದಾಗಲೂ ಜನರ ನುಡಿ ಇದರ ಪೂರ್ವರೂಪವೇ ಆಗಿತ್ತು. ಆದರೆ ಆಸ್ಥಾನದಲ್ಲಿ ಕಾರ್ಥೇಜಿನ ಪ್ಯೂನಿಕ್ ಭಾಷೆಗೆ ಮನ್ನಣೆಯಿತ್ತು. ಮುಂದೆ ಲ್ಯಾಟಿನ್ ಬಂದಿತು. ಕ್ರಿ. ಶ. 354ರಲ್ಲಿ ಈಗಿನ ಸೂಕ್ ಅಹ್ರಾಸ್‌ನಲ್ಲಿ ಜನಿಸಿದ ಸಂತ ಅಗಸ್ಟೀನನು ಬರೆದುದೆಲ್ಲ ಲ್ಯಾಟಿನ್ನಿನಲ್ಲಿ. ಆದರೂ ಹಿಪ್ಪೋ ನಗರದ ಸುತ್ತಲಿನ ರೈತರನ್ನು ‘ನೀವು ಯಾರು’ ಎಂದು ಕೇಳಿದರೆ ಅವರು ಪ್ಯೂನಿಕ್ ಮಾತಿನಲ್ಲಿ ತಮ್ಮನ್ನು ಕಾನಾನ್ಯರೆಂದು ಹೇಳಿಕೊಳ್ಳುತ್ತಿದ್ದರೆಂದು ಆತನೇ ತಿಳಿಸುತ್ತಾನೆ. ಕಾರ್ಥೇಜ್ ನಾಶವಾಗಿ ಐದು ಶತಮಾನಗಳು ಕಳೆದ ಮೇಲಿನ ಮಾತಿದು! ಆಳುವವರ ಭಾಷೆ ಒಂದು, ಉಳುವವರ ಭಾಷೆ ಇನ್ನೊಂದು ಎಂಬ ಸ್ಥಿತಿ ಆ ನಾಡಿಗೆ ಹೊಸತೇನೂ ಅಲ್ಲ.

ಏಳನೆಯ ಶತಮಾನದಲ್ಲಿ ಅರಬರ ದಂಡಯಾತ್ರೆಗಳೊಡನೆ ಇಸ್ಲಾಂ ಧರ್ಮವೂ ಅರಬ್ಬಿಯೂ ಬಂದವು. ಆದರೆ ಮೊದಲ ಕಾಲದ ಅರಬ್ಬಿ ಹೆಚ್ಚಾಗಿ ನಗರಗಳಲ್ಲೇ ನೆಲೆಸಿತು. ಹನ್ನೊಂದನೆಯ ಶತಮಾನದಲ್ಲಿ ಬನೂ ಹಿಲಾಲ್ ಮೊದಲಾದ ಪಶುಪಾಲಕ ಬುಡಕಟ್ಟುಗಳು ಪೂರ್ವದಿಂದ ವಲಸೆ ಬಂದ ಮೇಲೆಯೇ ಬಯಲುಸೀಮೆಯು ಅರಬ್ಬಿಯನ್ನು ಸ್ವೀಕರಿಸತೊಡಗಿತು. ಬೆಟ್ಟಗಳೂ ಮರುಭೂಮಿಯೂ ಹಳೆಯ ನುಡಿಯನ್ನು ಉಳಿಸಿಕೊಂಡವು. ಇಂದಿಗೂ ಭಾಷಾಪಟದಲ್ಲಿ ಈ ಭೂರಚನೆಯನ್ನು ಕಾಣಬಹುದು: ಆಲ್ಜಿಯರ್ಸ್‌ನ ಪೂರ್ವಕ್ಕೆ ಕಬೀಲಿಯ ಪರ್ವತಗಳಲ್ಲಿ ತಖ್ಬೈಲಿತ್, ಔರೆಸ್ ಬೆಟ್ಟಗಳಲ್ಲಿ ಶಾವಿಯ, ಘರ್ದಾಯಾದ ಸುತ್ತ ಮ್ಝಾಬ್ ಕಣಿವೆಯಲ್ಲಿ ಮೊಝಾಬಿ, ತೆಂಕಣ ಹೊಗ್ಗಾರ್ ಪ್ರದೇಶದಲ್ಲಿ ತುಆರೆಗರ ಮಾತು. ನೀರಿಗೆ ಕಬೀಲಿಯದಲ್ಲಿಯೂ ‘ಅಮಾನ್’, ಸಹರಾದಲ್ಲಿಯೂ ‘ಅಮಾನ್’. ಆದರೂ ಈ ಎರಡು ಸೀಮೆಗಳವರು ಸಂಧಿಸಿದರೆ ಒಬ್ಬರ ಮಾತು ಒಬ್ಬರಿಗೆ ಸುಲಭವಾಗಿ ತಿಳಿಯದು. ‘ಕಬೀಲಿ’ ಎಂಬ ಹೆಸರು ‘ಬುಡಕಟ್ಟುಗಳು’ ಎಂಬರ್ಥದ ಅರಬ್ಬೀ ಪದದಿಂದ ಬಂದುದು. ಆ ಜನರು ಅದೇ ಪದಕ್ಕೆ ತಮ್ಮ ಸ್ತ್ರೀಲಿಂಗದ ಗುರುತಾದ ತಕಾರವನ್ನು ಹಿಂದೆಯೂ ಮುಂದೆಯೂ ಹಚ್ಚಿ ‘ತಖ್ಬೈಲಿತ್’ ಎಂದು ತಮ್ಮ ಭಾಷೆಯ ಹೆಸರು ಮಾಡಿಕೊಂಡರು. ಪರರು ಇಟ್ಟ ಹೆಸರನ್ನು ಸ್ವಂತ ವ್ಯಾಕರಣದಿಂದ ತಮ್ಮದಾಗಿಸಿಕೊಂಡ ಈ ಉದಾಹರಣೆ ನಮಗೆ ಬಹಳ ಹಿಡಿಸಿದೆ. ಇವೆಲ್ಲಕ್ಕಿಂತ ಭಿನ್ನವಾಗಿ, ನೈಋತ್ಯದ ತಬಲ್‌ಬಾಲಾ ಓಯಸಿಸ್‌ನಲ್ಲಿ ನೈಜರ್ ನದೀತೀರದ ಸೋಂಘಾಯ್ ವರ್ಗಕ್ಕೆ ಸೇರಿದ ಕೊರಂಜೆ ಎಂಬ ನುಡಿಯೂ ಇದೆ.

ಅರಬ್ಬಿಯೂ ಅಲ್ಲಿ ಒಂದೇ ಅಲ್ಲ. ಗ್ರಾಂಥಿಕ ಅರಬ್ಬಿ ಕುರಾನಿನ, ಪಾಠಪುಸ್ತಕದ, ಭಾಷಣದ ಭಾಷೆ. ಅದು ಯಾರ ಮನೆಮಾತೂ ಅಲ್ಲ. ಬಹುಸಂಖ್ಯಾತರ ಆಡುನುಡಿ ದಾರಿಜಾ. ಗ್ರಾಂಥಿಕದಲ್ಲಿ ‘ನಅರಿಫು’ ಎಂದರೆ ‘ನಾವು ಬಲ್ಲೆವು’. ದಾರಿಜಾದಲ್ಲಿ ‘ನಅರಫ್’ ಎಂದರೆ ‘ನಾನು ಬಲ್ಲೆ’. ಶಾಲೆಗೆ ಹೊಸದಾಗಿ ಸೇರಿದ ಮಗು ತನ್ನ ‘ನಾನು’ ಇಲ್ಲಿ ‘ನಾವು’ ಆಗುವುದನ್ನು ಕಲಿಯಬೇಕು. ದಾರಿಜಾದಲ್ಲಿ ಬರ್ಬರ್, ತುರ್ಕಿ, ಸ್ಪ್ಯಾನಿಷ್, ಫ್ರೆಂಚ್ ಪದಗಳು ಧಾರಾಳವಾಗಿ ಬೆರೆತಿವೆ.

1830ರಲ್ಲಿ ಆರಂಭವಾದ ಫ್ರೆಂಚ್ ಆಕ್ರಮಣವು ಈ ಸಹಜ ವೈವಿಧ್ಯವನ್ನು ರಾಜಕೀಯ ಪ್ರಶ್ನೆಯಾಗಿ ಮಾಡಿತು. ಆಡಳಿತವೂ ಉನ್ನತ ಶಿಕ್ಷಣವೂ ಫ್ರೆಂಚಿನ ಪಾಲಾದವು. ಅನುಮತಿಯಿಲ್ಲದೆ ಅರಬ್ಬೀ ಶಾಲೆಗಳನ್ನು ನಡೆಸದಂತೆ 1938ರಲ್ಲಿ ನಿರ್ಬಂಧ ವಿಧಿಸಲಾಯಿತು. ಇದರೊಡನೆ ಇನ್ನೊಂದು ಉಪಾಯವೂ ನಡೆದಿತ್ತು. ಕಬೀಲಿಯರು ಅರಬರಿಗಿಂತ ಬೇರೆಯಾದವರು, ಯೂರೋಪಿಗೆ ಹೆಚ್ಚು ಹತ್ತಿರದವರು ಎಂದು ಅನೇಕ ಫ್ರೆಂಚ್ ಅಧಿಕಾರಿಗಳೂ ವಿದ್ವಾಂಸರೂ ಸಾಧಿಸಹೊರಟರು. ಇದರ ಫಲವನ್ನು ಅನುಭವಿಸಿದವರು ಕಬೀಲಿಯರೇ. ಬರ್ಬರ್ ನುಡಿಯ ಪರವಾಗಿ ಯಾರು ಮಾತನಾಡಿದರೂ ಅದು ರಾಷ್ಟ್ರವನ್ನು ಒಡೆಯುವ ವಸಾಹತುಶಾಹಿಯ ಪ್ರತಿಧ್ವನಿಯೆಂಬ ಸಂಶಯ ರಾಷ್ಟ್ರೀಯವಾದಿಗಳಲ್ಲಿ ಬೇರೂರಿತು. 1949ರಲ್ಲಿ ರಾಷ್ಟ್ರೀಯ ಪಕ್ಷದೊಳಗೇ ಈ ವಿಷಯದಲ್ಲಿ ಬಿಕ್ಕಟ್ಟು ತಲೆದೋರಿ, ಬರ್ಬರ್ ಪಕ್ಷಪಾತಿಗಳೆನಿಸಿದವರು ಹೊರಹಾಕಲ್ಪಟ್ಟರು. ಸ್ವಾತಂತ್ರ್ಯ ಯುದ್ಧದಲ್ಲಿ ಕಬೀಲಿಯ ಹಾಗೂ ಔರೆಸ್ ಪ್ರದೇಶಗಳು ಅಪಾರವಾಗಿ ನಲುಗಿದರೂ ಆ ಸಂಶಯ ಕರಗಲಿಲ್ಲ.

1962ರಲ್ಲಿ ನಾಡು ಸ್ವತಂತ್ರವಾಯಿತು. 1963ರ ಸಂವಿಧಾನ ಅರಬ್ಬಿಯೊಂದನ್ನೇ ಅಂಗೀಕರಿಸಿತು. ಕಸಿದುಕೊಂಡ ಭಾಷೆಯನ್ನು ಮರಳಿ ಪಡೆಯುವ ಹಂಬಲ ನ್ಯಾಯವಾದುದೇ. ಆದರೆ ಕಲಿಸಲು ಶಿಕ್ಷಕರಿರಲಿಲ್ಲ. ಈಜಿಪ್ಟ್, ಸಿರಿಯ ಮುಂತಾದ ದೇಶಗಳಿಂದ ಅವರನ್ನು ಕರೆತರಲಾಯಿತು. ಅವರ ಆಡುಮಾತು ಮಕ್ಕಳಿಗೂ, ಮಕ್ಕಳದು ಅವರಿಗೂ ಅರ್ಥವಾಗುವುದು ಕಷ್ಟವಾಯಿತು. ವಿಜ್ಞಾನ, ವೈದ್ಯಗಳ ಉನ್ನತ ಶಿಕ್ಷಣ ಮಾತ್ರ ಫ್ರೆಂಚಿನಲ್ಲಿಯೇ ಮುಂದುವರಿಯಿತು. ಹೀಗಾಗಿ ಅರಬ್ಬಿಯಲ್ಲಿ ಓದಿದ ಬಡವರ ಮಕ್ಕಳಿಗೆ ಉತ್ತಮ ಉದ್ಯೋಗಗಳ ಬಾಗಿಲು ಅರ್ಧ ಮುಚ್ಚಿಯೇ ಇದ್ದಿತು. ಅರಬ್ಬೀಕರಣದ ನೀತಿಯಲ್ಲಿ ಅತಿ ದೊಡ್ಡ ಲೋಪವೆಂದರೆ ಇದೇ ಎಂದು ನಾವು ಭಾವಿಸುತ್ತೇವೆ.

1980ರ ಮಾರ್ಚ್ 10ರಂದು ತಿಝಿ ಊಝೂ ವಿಶ್ವವಿದ್ಯಾನಿಲಯದಲ್ಲಿ ಲೇಖಕ ಮೌಲೂದ್ ಮಮ್ಮೆರಿಯವರು ಪ್ರಾಚೀನ ಕಬೀಲಿ ಕಾವ್ಯವನ್ನು ಕುರಿತು ಉಪನ್ಯಾಸ ಮಾಡಬೇಕಾಗಿತ್ತು. ಸರ್ಕಾರ ಅದನ್ನು ನಿಷೇಧಿಸಿತು. ವಿದ್ಯಾರ್ಥಿಗಳು ಪ್ರತಿಭಟಿಸಿದರು. ಏಪ್ರಿಲ್ 20ರಂದು ಪೋಲೀಸರು ವಿಶ್ವವಿದ್ಯಾನಿಲಯಕ್ಕೆ ನುಗ್ಗಿದರು. ‘ಬರ್ಬರ್ ವಸಂತ’ವೆಂದು ಹೆಸರಾದ ಈ ಚಳವಳಿಯ ಮೂಲ ಹಳೆಯ ಪದ್ಯಗಳ ಮೇಲಿನ ಒಂದು ಉಪನ್ಯಾಸವೆಂಬುದನ್ನು ಅಧ್ಯಾಪಕರಾದ ನಾವು ಮರೆಯುವಂತಿಲ್ಲ. 1994ರಲ್ಲಿ ಕಬೀಲಿಯದ ಮಕ್ಕಳು ಶಾಲೆಯನ್ನೇ ಬಹಿಷ್ಕರಿಸಿದರು. ಮರುವರ್ಷ ಸರ್ಕಾರ ಅಮಾಝಿಘ್ ಭಾಷೆಗಾಗಿ ಒಂದು ಉನ್ನತ ಮಂಡಲಿಯನ್ನು ನೇಮಿಸಿತು. 2001ರಲ್ಲಿ ಯುವಕನೊಬ್ಬನು ಪೋಲೀಸ್ ಬಂಧನದಲ್ಲಿ ಗುಂಡೇಟಿನಿಂದ ಸತ್ತ ಬಳಿಕ ನಡೆದ ಗಲಭೆಗಳಲ್ಲಿ ನೂರಕ್ಕೂ ಹೆಚ್ಚು ಜನ ಮಡಿದರು. 2002ರಲ್ಲಿ ತಮಾಝಿಘ್ತ್ ರಾಷ್ಟ್ರೀಯ ಭಾಷೆಯಾಯಿತು. 2016ರಲ್ಲಿ ಅಧಿಕೃತ ಭಾಷೆಯೂ ಆಯಿತು. ಆದರೆ ಸಂವಿಧಾನದ ವಾಕ್ಯರಚನೆಯನ್ನು ಸೂಕ್ಷ್ಮವಾಗಿ ಓದಬೇಕು: ತಮಾಝಿಘ್ತ್ ‘ಸಹ’ ಅಧಿಕೃತ ಭಾಷೆ, ‘ರಾಜ್ಯದ’ ಅಧಿಕೃತ ಭಾಷೆಯಾಗಿ ಉಳಿಯುವುದು ಅರಬ್ಬಿ. ಬಹುಸಂಖ್ಯಾತರು ಆಡುವ ದಾರಿಜಾಕ್ಕೆ ಅಲ್ಲಿ ಸ್ಥಾನವೇ ಇಲ್ಲ. ಫ್ರೆಂಚಿಗೂ ಇಲ್ಲ; ಆದರೆ ಅದರ ವ್ಯವಹಾರ ನಿಂತಿಲ್ಲ. 2022ರಿಂದ ಪ್ರಾಥಮಿಕ ಶಾಲೆಯ ಮೂರನೆಯ ತರಗತಿಯಲ್ಲಿ ಇಂಗ್ಲಿಷನ್ನೂ ಕಲಿಸಲಾಗುತ್ತಿದೆ.

ಲಿಪಿಯ ಪ್ರಶ್ನೆಯೂ ಸಂವಿಧಾನದಿಂದ ಬಗೆಹರಿಯಲಿಲ್ಲ. ನೆರೆಯ ಮೊರಾಕೋ 2003ರಲ್ಲಿ ಪ್ರಾಚೀನ ತಿಫಿನಾಘ್ ಲಿಪಿಯನ್ನು ಆರಿಸಿಕೊಂಡಿತು. ಆಲ್ಜೀರಿಯದಲ್ಲಿ ಕಬೀಲಿಯ ಲೇಖಕರು ಬಹುತೇಕ ಲ್ಯಾಟಿನ್ ಅಕ್ಷರಗಳಲ್ಲಿ ಬರೆಯುತ್ತಾರೆ. ಅರಬ್ಬೀ ಲಿಪಿಯೇ ಆಗಬೇಕೆನ್ನುವವರೂ ಇದ್ದಾರೆ. ತುಆರೆಗರಲ್ಲಿ ತಿಫಿನಾಘ್ ಎಂದೂ ಸಂಪೂರ್ಣ ಅಳಿದಿರಲಿಲ್ಲ. 2018ರ ಶಾಸನದಿಂದ ಅಮಾಝಿಘ್ ಭಾಷಾ ಅಕಾಡೆಮಿಯೊಂದಕ್ಕೆ ಅವಕಾಶ ಮಾಡಲಾಯಿತು. ಅದೇ ವರ್ಷದಿಂದ ಬರ್ಬರ್ ವರ್ಷಾರಂಭವಾದ ಜನವರಿ 12 ಸರ್ಕಾರಿ ರಜೆಯ ದಿನವಾಗಿದೆ.