ರಾಕಿ ತಪ್ಪಲಿನ ಬೇಸಿಗೆ: ಒಣನಾಡಿನಲ್ಲಿ ಆಲಿಕಲ್ಲು, ಸಿಡಿಲು, ಪ್ರವಾಹ

ಅಮೆರಿಕದ ಕೊಲೊರಾಡೊ ರಾಜ್ಯದಲ್ಲಿ ರಾಕಿ ಪರ್ವತಗಳು ಪೂರ್ವದ ಬಯಲನ್ನು ಸೇರುವ ಅಂಚಿಗೆ ಫ್ರಂಟ್ ರೇಂಜ್ ಎಂದು ಹೆಸರು. 4,000 ಮೀಟರ್ ಮೀರಿದ ಶಿಖರಗಳ ಬುಡದಲ್ಲಿ ಡೆನ್ವರ್, ಬೌಲ್ಡರ್, ಫೋರ್ಟ್ ಕಾಲಿನ್ಸ್ ನಗರಗಳು ಸಾಲಾಗಿ ಹರಡಿವೆ. ಹಿಮವನ್ನೂ ಸೇರಿಸಿದರೆ ಡೆನ್ವರಿನ ವಾರ್ಷಿಕ ಮಳೆ ಸುಮಾರು 400 ಮಿ.ಮೀ. ಮಾತ್ರ. ಇಂಥ ಒಣನಾಡಿನಲ್ಲಿ 2017ರ ಮೇ 8ರಂದು ಬಿದ್ದ ಆಲಿಕಲ್ಲಿನ ಮಳೆ, ವಿಮೆಯ ಲೆಕ್ಕಕ್ಕೆ ಸಿಕ್ಕಷ್ಟರಲ್ಲೇ 200 ಕೋಟಿ ಡಾಲರಿಗೂ ಹೆಚ್ಚಿನ ನಷ್ಟ ಮಾಡಿತು. ಬೆಟ್ಟ ಬಿರುಗಾಳಿಯನ್ನು ತಡೆದು ಊರನ್ನು ಕಾಯುತ್ತದೆ ಎಂಬುದು ಹಳೆಯ ನಂಬಿಕೆ. ಇಲ್ಲಿಯ ಬೇಸಿಗೆಯನ್ನು ನೋಡಿದರೆ ಆ ನಂಬಿಕೆ ನಿಲ್ಲುವುದಿಲ್ಲ. ಸಿಡಿಲಮಳೆಯನ್ನು ಹುಟ್ಟಿಸುವುದರಲ್ಲಿ ಬೆಟ್ಟದ್ದೇ ದೊಡ್ಡ ಪಾಲು.

ಬೆಳಗಿನ ಬಿಸಿಲು ಮೊದಲು ತಾಗುವುದು ಪೂರ್ವಕ್ಕೆ ಮುಖಮಾಡಿದ ಇಳಿಜಾರಿಗೆ. ಅಷ್ಟೇ ಎತ್ತರದಲ್ಲಿ ಬಯಲಿನ ಮೇಲಿರುವ ಗಾಳಿಗಿಂತ ಇಳಿಜಾರನ್ನು ತಾಗಿದ ಗಾಳಿ ಬೇಗ ಕಾಯುತ್ತದೆ. ಬೆಟ್ಟವೆಂದರೆ ಎತ್ತರದಲ್ಲಿ ಹೂಡಿದ ಒಲೆ. ಕಾದ ಗಾಳಿ ಏರಿದಂತೆ ಬಯಲಿನ ಗಾಳಿ ಆ ಜಾಗಕ್ಕೆ ಹತ್ತಿ ಬರುತ್ತದೆ. ಮಧ್ಯಾಹ್ನದ ಹೊತ್ತಿಗೆ ಶಿಖರಗಳ ಮೇಲೆ ಮೋಡಗಳು ಏಳುತ್ತವೆ. ಮೇಲ್ಮಟ್ಟದ ಪಶ್ಚಿಮದ ಗಾಳಿ ಅವನ್ನು ಬಯಲಿನತ್ತ ತಳ್ಳಿದಾಗ, ಮೆಕ್ಸಿಕೊ ಕೊಲ್ಲಿಯಿಂದ ಬಂದ ತೇವದ ಗಾಳಿ ಕೆಳಗೆ ಕಾದಿದ್ದರೆ ಮೋಡ ರಾಕ್ಷಸಾಕಾರ ತಾಳುತ್ತದೆ. ಡೆನ್ವರಿನ ದಕ್ಷಿಣಕ್ಕಿರುವ ಪಾಮರ್ ದಿಣ್ಣೆಯನ್ನು ದಾಟುವ ಆಗ್ನೇಯದ ಗಾಳಿ ಕೆಲವು ದಿನ ನಗರದ ಬಳಿ ಸುಳಿಯಾಗಿ ತಿರುಗುತ್ತದೆ. ಈ ಸುಳಿಯ ಅಂಚಿನಲ್ಲಿ ಸುಂಟರಗಾಳಿಗಳೂ ಹುಟ್ಟುವುದುಂಟು.

ಮಳೆಯೇ ಕಡಿಮೆ ಇರುವಲ್ಲಿ ಇಷ್ಟು ಬಲ ಎಲ್ಲಿಂದ ಎಂದು ಕೇಳಬಹುದು. ವರ್ಷದ ಮಳೆಯ ಮೊತ್ತ ಒಂದು ಮಧ್ಯಾಹ್ನದ ಮೋಡದ ಬಲವನ್ನು ಅಳೆಯಲಾರದು. ಮೇಲಕ್ಕೆ ಹೋದಂತೆ ಗಾಳಿ ಎಷ್ಟು ಬೇಗ ತಣ್ಣಗಾಗುತ್ತದೆ ಎಂಬುದು ಇಲ್ಲಿ ಮುಖ್ಯ. ಪಶ್ಚಿಮದ ಕಾದ ಪ್ರಸ್ಥಭೂಮಿಯಿಂದ ಬರುವ ಒಣಗಾಳಿಯಲ್ಲಿ ಉಷ್ಣಾಂಶದ ಈ ಇಳಿಕೆ ತೀವ್ರ; ಕೆಳಗೆ ಸ್ವಲ್ಪ ತೇವ ಸಿಕ್ಕರೂ ಗಾಳಿ ರಭಸದಿಂದ ಮೇಲೇರುತ್ತದೆ. ಡೆನ್ವರ್ ಸಮುದ್ರಮಟ್ಟದಿಂದ ಸುಮಾರು 1,600 ಮೀಟರ್ ಎತ್ತರದಲ್ಲಿರುವುದರಿಂದ ಹೆಪ್ಪುಗಟ್ಟುವ ಮಟ್ಟ ನೆಲಕ್ಕೆ ಹತ್ತಿರ. ಕರಾವಳಿಯಲ್ಲಾದರೆ ದಾರಿಯಲ್ಲೇ ಕರಗುವ ಆಲಿಕಲ್ಲು ಇಲ್ಲಿ ಗಟ್ಟಿಯಾಗಿಯೇ ಮನೆಯ ಮಾಡನ್ನು ತಲುಪುತ್ತದೆ.

ಬಯಲಿಗೆ ಜಾರಿಹೋದ ಮೋಡದಿಂದ ಬೆಟ್ಟಕ್ಕೇನು ಭಯ ಎಂಬುದು ಇನ್ನೊಂದು ಆಕ್ಷೇಪ. ಮೇಲಿನ ಗಾಳಿ ಬಲವಾಗಿದ್ದರೆ ಇದು ಬಹುಮಟ್ಟಿಗೆ ನಿಜ. ಅದು ದುರ್ಬಲವಾದ ದಿನ ಮೋಡ ಹುಟ್ಟಿದ ಜಾಗದಲ್ಲೇ ನಿಲ್ಲುತ್ತದೆ. 1976ರ ಜುಲೈ 31ರ ಸಂಜೆ ಬಿಗ್ ಥಾಂಪ್ಸನ್ ಕಣಿವೆಯ ಮೇಲ್ಭಾಗದಲ್ಲಿ ಆದದ್ದು ಅದೇ. ಕೆಲವೇ ಗಂಟೆಗಳಲ್ಲಿ ಸುಮಾರು 300 ಮಿ.ಮೀ. ಮಳೆ ಸುರಿಯಿತು. ಅದನ್ನು ಹೀರಲು ಬಂಡೆಯ ಇಳಿಜಾರಿನಲ್ಲಿ ಮಣ್ಣೇ ಕಡಿಮೆ. ಇಕ್ಕಟ್ಟಾದ ಕಣಿವೆಯಲ್ಲಿ ನುಗ್ಗಿದ ನೀರು 140ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ನಿಂತ ಗಾಳಿಯೂ ಓಡುವ ಗಾಳಿಯಷ್ಟೇ ಅಪಾಯಕಾರಿ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ನಷ್ಟ ಹೆಚ್ಚಿರುವುದು ಊರುಗಳು ಬೆಳೆದದ್ದರಿಂದ, ಹವೆಯಿಂದಲ್ಲ ಎಂಬ ವಾದದಲ್ಲೂ ಹುರುಳಿದೆ. ಬಯಲು ಖಾಲಿಯಾಗಿದ್ದಾಗ ಹುಲ್ಲಿನ ಮೇಲೆ ಬಿದ್ದ ಆಲಿಕಲ್ಲು ಈಗ ಕಾರು, ಮಾಡು, ಗಾಜಿನ ಮೇಲೆ ಬೀಳುತ್ತಿದೆ. ಆದರೆ ಈ ವಾದ ಎಚ್ಚರಿಕೆಯ ಅಗತ್ಯವನ್ನು ಇನ್ನಷ್ಟು ಹೆಚ್ಚಿಸುತ್ತದೆ. ಬೆಟ್ಟವನ್ನು ಬದಲಿಸಲಾಗದು, ಮಾಡಿನ ಹೊದಿಕೆಯನ್ನೂ ಮನೆ ಕಟ್ಟುವ ಜಾಗವನ್ನೂ ಬದಲಿಸಬಹುದು. ಆ ಕಡೆ ಪ್ರವಾಸ ಹೋಗುವವರು ಶಿಖರವೇರುವುದನ್ನು ಮಧ್ಯಾಹ್ನದೊಳಗೆ ಮುಗಿಸಿ ಇಳಿಯಬೇಕು. ಕಣಿವೆಯಲ್ಲಿ ನೀರು ಏರಿತೆಂದರೆ ಕಾರಿನಲ್ಲಿ ಓಡುವ ಯೋಚನೆ ಬಿಟ್ಟು ಕಾಲ್ನಡಿಗೆಯಲ್ಲೇ ಗುಡ್ಡ ಹತ್ತಬೇಕು. ಅಲ್ಲಿಯ ರಸ್ತೆಬದಿಯ ಫಲಕಗಳು ಹೇಳುವುದೂ ಇದನ್ನೇ.