ಅಪರಾಧ, ಶಿಕ್ಷೆ ಮತ್ತು ತಂತಿಬೇಲಿ

ಅಪರಾಧಿಗೆ ಶಿಕ್ಷೆ ವಿಧಿಸುವಾಗ ಸಮಾಜವು ಎರಡು ಉದ್ದೇಶಗಳನ್ನು ಮನಸ್ಸಿನಲ್ಲಿ ಇಟ್ಟುಕೊಂಡಿರುತ್ತದೆ. ಆಗಿಹೋದ ತಪ್ಪಿಗೆ ತಕ್ಕ ಫಲವನ್ನು ಉಣಿಸುವುದು ಒಂದು. ಅಂಥ ತಪ್ಪು ಮುಂದೆ ನಡೆಯದಂತೆ ತಡೆಯುವುದು ಇನ್ನೊಂದು. ಶಿಕ್ಷೆ ಘೋರವಾದಷ್ಟೂ ಅಪರಾಧ ಕಡಿಮೆಯಾಗುವುದೆಂದು ಜನರು ಸಾಮಾನ್ಯವಾಗಿ ನಂಬಿರುತ್ತಾರೆ. ಇಟಲಿಯ ಬೆಕ್ಕಾರಿಯಾ ಎಂಬ ವಿದ್ವಾಂಸನು 1764ರಷ್ಟು ಹಿಂದೆಯೇ ಈ ನಂಬಿಕೆಯನ್ನು ಪರೀಕ್ಷೆಗೆ ಒಡ್ಡಿದನು. ತಪ್ಪು ಮಾಡಿದವನಿಗೆ ಶಿಕ್ಷೆ ತಪ್ಪದೆ ಬರುವುದೆಂಬ ನಿಶ್ಚಯವಿದ್ದರೆ ಸೌಮ್ಯವಾದ ಶಿಕ್ಷೆಯೂ ಸಾಕು; ಆ ನಿಶ್ಚಯವಿಲ್ಲದಿದ್ದರೆ ಕ್ರೂರವಾದ ಶಿಕ್ಷೆಯೂ ನಿಷ್ಫಲ ಎಂಬುದು ಅವನ ವಾದದ ಸಾರ.

ಆದರೆ ಅಪರಾಧ ನಡೆಯುವುದಕ್ಕೆ ಮೊದಲೇ ಅದನ್ನು ತಡೆಯಹೊರಟ ಸರ್ಕಾರವು ಯಾರನ್ನು ತಡೆಯಬೇಕು? ಈ ಪ್ರಶ್ನೆಗೆ ನಮ್ಮ ದೇಶದಲ್ಲಿ ಒಂದು ವಿಲಕ್ಷಣವಾದ ಉತ್ತರವನ್ನು ಕೊಡಲಾಯಿತು. ಅದರ ಗುರುತು ಹುಕ್ಕೇರಿ, ಗೋಕಾಕ, ಮೂಡಲಗಿಗಳ ಸೀಮೆಯಲ್ಲಿಯೂ ಉಂಟು.

ಘಟಪ್ರಭೆಯು ಬಂಡೆಯಿಂದ ಧುಮುಕುವ ಗೋಕಾಕ ಫಾಲ್ಸಿನ ಬಳಿ, ನೀರಿನ ಶಕ್ತಿಯನ್ನು ಆಶ್ರಯಿಸಿ, 1887ರಲ್ಲಿ ನೂಲಿನ ಗಿರಣಿಯೊಂದು ಕೆಲಸವನ್ನಾರಂಭಿಸಿತು. ಮುಂದೆ ಇದೇ ಸ್ಥಳದಲ್ಲಿ ಮುಂಬಯಿ ಸರ್ಕಾರದ ಆಡಳಿತಕ್ಕೆ ಒಳಪಟ್ಟ ಒಂದು ‘ಸೆಟ್ಲಮೆಂಟ್’ ಏರ್ಪಟ್ಟಿತು. ವಿಜಾಪುರ, ಹುಬ್ಬಳ್ಳಿ, ಗದಗಗಳಲ್ಲಿಯೂ ಇಂಥ ವಸಾಹತುಗಳಿದ್ದವು. ಹುಬ್ಬಳ್ಳಿ ಮತ್ತು ಗದಗ-ಬೆಟಗೇರಿಗಳಲ್ಲಿ ಸೆಟ್ಲಮೆಂಟ್ ಎಂಬ ಹೆಸರು ಬಡಾವಣೆಗೆ ಅಂಟಿಕೊಂಡು ಉಳಿದಿದೆ. ಅಪರಾಧಿ ಬುಡಕಟ್ಟುಗಳೆಂದು ಸರ್ಕಾರವು ಹೆಸರಿಟ್ಟ ಜನರನ್ನು ಇವುಗಳಲ್ಲಿ ತಂದು ನೆಲೆಗೊಳಿಸುತ್ತಿದ್ದರು.

ಇದಕ್ಕೆ ಆಧಾರವಾದ ಕಾಯಿದೆ 1871ರದು. ಮೊದಲು ಉತ್ತರ ಹಿಂದೂಸ್ಥಾನಕ್ಕೆ ಸೀಮಿತವಾಗಿದ್ದ ಆ ಕಾಯಿದೆಯು 1911ರಲ್ಲಿ ಇತರ ಪ್ರಾಂತಗಳಿಗೂ ವ್ಯಾಪಿಸಿತು, 1924ರಲ್ಲಿ ಕ್ರೋಡೀಕೃತವಾಯಿತು. ಪ್ರಾಂತ ಸರ್ಕಾರವು ಒಂದು ಜನವರ್ಗವನ್ನು ಅಪರಾಧಿ ಬುಡಕಟ್ಟೆಂದು ಘೋಷಿಸಿದರೆ ಆ ಘೋಷಣೆಯನ್ನು ನ್ಯಾಯಾಲಯದಲ್ಲಿ ಪ್ರಶ್ನಿಸುವಂತಿರಲಿಲ್ಲ. ಆ ವರ್ಗದವರ ಹೆಸರನ್ನು ದಾಖಲೆಯಲ್ಲಿ ಬರೆದು, ಬೆರಳಚ್ಚು ಪಡೆದು, ಹಾಜರಿ ಕೊಡಿಸಿ, ಪಾಸಿಲ್ಲದೆ ಊರು ಬಿಡಕೂಡದೆಂದು ಕಟ್ಟುಮಾಡಬಹುದಾಗಿತ್ತು. ಆರು ವರ್ಷ ದಾಟಿದ ಮಕ್ಕಳನ್ನು ತಂದೆತಾಯಿಗಳಿಂದ ಬೇರ್ಪಡಿಸಿ ಶಾಲೆಗಳಲ್ಲಿಡುವ ಅಧಿಕಾರವೂ ಇದ್ದಿತು. ಕೆಲವು ನಿರ್ದಿಷ್ಟ ಅಪರಾಧಗಳಲ್ಲಿ ಎರಡನೆಯ ಸಲ ಸಿಕ್ಕಿದವನಿಗೆ ಏಳು ವರ್ಷಕ್ಕೆ ಕಡಿಮೆಯಿಲ್ಲದ ಸೆರೆ. ಮೂರನೆಯ ಸಲಕ್ಕೆ ಆಜೀವ ದ್ವೀಪಾಂತರ. ಅದೇ ಕಳವನ್ನು ಮಾಡಿದ ನೆರೆಮನೆಯವನಿಗೆ ಈ ನಿಯಮ ತಗಲುತ್ತಿರಲಿಲ್ಲ. ಭೇದವಿದ್ದುದು ಹುಟ್ಟಿನಲ್ಲಿ.

ಹರಣಶಿಕಾರಿ, ಘಂಟಿಚೋರ, ಕೊರವ, ಛಪ್ಪರಬಂದ ಮುಂತಾದ ಹೆಸರುಗಳು ಆ ಪಟ್ಟಿಗಳಲ್ಲಿ ಬರುತ್ತವೆ. ಇವರಲ್ಲಿ ಕಳವು ಮಾಡುವವರೇ ಇರಲಿಲ್ಲವೆಂದು ಹೇಳುವುದು ಸತ್ಯಕ್ಕೆ ದೂರ. ಆದರೆ ಆ ದಾರಿಗೆ ಅವರು ಬಂದುದು ಹೇಗೆಂಬುದನ್ನು ವಿಚಾರಿಸಬೇಡವೆ? ದಕ್ಷಿಣ ದೇಶದ ಕೊರವರಲ್ಲಿ ಹಲವರು ಎತ್ತು ಕತ್ತೆಗಳ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ಊರೂರಿಗೆ ಮಾರುತ್ತಿದ್ದವರು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ರೈಲುದಾರಿ ಬಂದು ಆ ವ್ಯಾಪಾರವನ್ನು ನುಂಗಿತು. ಅರಣ್ಯದ ಕಾಯಿದೆಗಳು ಬಿದಿರು, ಹುಲ್ಲುಗಾವಲು, ಬೇಟೆಗಳಿಗೆ ಬೇಲಿ ಹಾಕಿದವು. ಹೊಟ್ಟೆಪಾಡಿಗಾಗಿ ಅಲೆಯಬೇಕಾದವನಿಗೆ ಅಲೆಯುವುದೇ ಅಪರಾಧವಾದರೆ, ಅವನಿಗೆ ಉಳಿಯುವ ಮಾರ್ಗಗಳು ಎಷ್ಟು?

ಇಲ್ಲಿ ಒಂದು ಸಾಮಾಜಿಕ ನಿಯಮವು ಕೆಲಸಮಾಡುತ್ತದೆ. ದಾಖಲೆಯಲ್ಲಿ ಹೆಸರಿದ್ದವನನ್ನು ಯಾರೂ ಕೆಲಸಕ್ಕೆ ಕರೆಯರು. ಕೆಲಸವಿಲ್ಲದವನು ಕಳವಿಗೆ ಇಳಿಯುವ ಸಂಭವ ಹೆಚ್ಚು. ಊರಿನಲ್ಲಿ ಕಳವಾದರೆ ಪೋಲೀಸರು ಮೊದಲು ಹಿಡಿಯುವುದು ಅವನನ್ನೇ. ಹೀಗಾಗಿ ಪಟ್ಟಿಯಲ್ಲಿಲ್ಲದ ಕಳ್ಳನು ನಿರಾತಂಕವಾಗಿ ಉಳಿಯುತ್ತಾನೆ. ಬೆಕ್ಕಾರಿಯಾ ಬಯಸಿದ ನಿಶ್ಚಯಕ್ಕೆ ಇದು ನೇರ ವಿರುದ್ಧ. ಅಮೆರಿಕೆಯ ಫ್ರಾಂಕ್ ಟ್ಯಾನನ್‌ಬಾಮ್ 1938ರಲ್ಲಿಯೂ, ಹೋವರ್ಡ್ ಬೆಕರ್ 1963ರಲ್ಲಿಯೂ ಇದೇ ಬಗೆಯ ವಿಚಾರವನ್ನು ಪ್ರತಿಪಾದಿಸಿದರು: ಒಬ್ಬನಿಗೆ ದುಷ್ಟನೆಂಬ ಹಣೆಪಟ್ಟಿಯನ್ನು ಕಟ್ಟಿದರೆ ಆ ಪಟ್ಟಿಯೇ ಅವನನ್ನು ದುಷ್ಟತನದ ಕಡೆಗೆ ತಳ್ಳುತ್ತದೆ.

ಸೆಟ್ಲಮೆಂಟುಗಳ ಪಕ್ಷದವರು ಇದಕ್ಕೆ ಒಂದು ಪ್ರತ್ಯುತ್ತರ ಕೊಡುತ್ತಿದ್ದರು. ಮುಂಬಯಿ ಪ್ರಾಂತದಲ್ಲಿ ಈ ವ್ಯವಸ್ಥೆಯನ್ನು ರೂಪಿಸಿದ ಸ್ಟಾರ್ಟ್ ಎಂಬ ಅಧಿಕಾರಿಯು ಕೆಲಸ, ಶಾಲೆ, ಮನೆ ಇವುಗಳಿಂದಲೇ ಸುಧಾರಣೆ ಸಾಧ್ಯವೆಂದು ನಂಬಿದ್ದನು. ಗಿರಣಿಗೆ ಕೂಲಿಗಳು ಬೇಕಾಗಿದ್ದರು, ಜನರಿಗೆ ಕೂಲಿ ಬೇಕಾಗಿತ್ತು, ಸರ್ಕಾರಕ್ಕೆ ಕಾವಲು ಬೇಕಾಗಿತ್ತು. ಮೂರೂ ಒಂದೆಡೆ ಕೂಡಿದವು. ಕೂಲಿ ಸಿಕ್ಕಿದ ಮೇಲೆ ಹಲವು ಕುಟುಂಬಗಳು ನೆಲೆನಿಂತುದು ಸುಳ್ಳಲ್ಲ. ಆದರೆ ಈ ಫಲ ಕೂಲಿಯದೋ ಬೇಲಿಯದೋ ಎಂಬುದನ್ನು ವಿಂಗಡಿಸಬೇಕು. ನಡತೆ ಒಳ್ಳೆಯದೆಂದು ಕಂಡವರನ್ನು ಬೇಲಿಯ ಹೊರಗಣ ಕೇರಿಯಲ್ಲಿ ಇರಗೊಡುವ ಪದ್ಧತಿಯನ್ನು ಅಧಿಕಾರಿಗಳೇ ಇಟ್ಟುಕೊಂಡಿದ್ದರು. ಬೇಲಿಯಿಂದಲೇ ಸುಧಾರಣೆಯಾಗುವುದಾಗಿದ್ದರೆ ಹೊರಗೆ ಬಿಡುವ ಧೈರ್ಯ ಅವರಿಗೆ ಬರುತ್ತಿರಲಿಲ್ಲ. ಉಪಕಾರ ಮಾಡಿದುದು ಅನ್ನ ಮತ್ತು ನಂಬಿಕೆ. ಬೇಲಿಯು ಉಳಿಸಿದುದು ಅಪಮಾನವನ್ನು. ಬೇಲಿಯೊಳಗಿನ ಕೂಲಿಯವನು ತನ್ನ ಶ್ರಮಕ್ಕೆ ಬೆಲೆ ಕಟ್ಟಿ ಬೇರೆಡೆಗೆ ಹೋಗುವ ಸ್ವಾತಂತ್ರ್ಯವನ್ನು ಕಳೆದುಕೊಂಡಿದ್ದನೆಂಬುದನ್ನೂ ಲೆಕ್ಕಕ್ಕೆ ಹಿಡಿಯತಕ್ಕದ್ದು.

ಮುಂಬಯಿ ಪ್ರಾಂತದಲ್ಲಿ 1949ರಲ್ಲಿ ಈ ಕಾಯಿದೆ ರದ್ದಾಯಿತು. ಅನಂತಶಯನಂ ಅಯ್ಯಂಗಾರರ ಸಮಿತಿಯ ಶಿಫಾರಸಿನ ನಂತರ 1952ನೆಯ ಆಗಸ್ಟ್ 31ರಂದು ದೇಶಕ್ಕೆಲ್ಲ ರದ್ದಾಯಿತು. ಅಂದಿನಿಂದ ಈ ಜನರಿಗೆ ವಿಮುಕ್ತರೆಂದು ಹೆಸರು. ಕಾಯಿದೆ ಹೋಯಿತು, ಸಂಶಯ ಹೋಗಲಿಲ್ಲ. ರೂಢಿಗತ ಅಪರಾಧಿಗಳ ಕಾಯಿದೆಗಳು ಪ್ರಾಂತಪ್ರಾಂತಗಳಲ್ಲಿ ಹುಟ್ಟಿದವು. ಮೈಸೂರು ರಾಜ್ಯದಲ್ಲಿ 1961ರಲ್ಲಿ ಅಂಥದೊಂದು ಬಂದಿತು. ಇವು ವರ್ಗವನ್ನು ಬಿಟ್ಟು ವ್ಯಕ್ತಿಯನ್ನು ನೋಡುವ ಕಾಯಿದೆಗಳು; ಆದರೂ ಹಳೆಯ ದೃಷ್ಟಿ ಅವುಗಳ ಹಿಂದೆ ಸುಳಿಯುತ್ತಲೇ ಇತ್ತು. 2024ನೆಯ ಅಕ್ಟೋಬರ್ 3ರಂದು ಸರ್ವೋಚ್ಚ ನ್ಯಾಯಾಲಯವು, ಸೆರೆಮನೆಗಳ ಕೈಪಿಡಿಗಳಲ್ಲಿದ್ದ ಜಾತಿಭೇದದ ನಿಯಮಗಳನ್ನೂ ವಿಮುಕ್ತರನ್ನು ಹುಟ್ಟಿನಿಂದ ಅಪರಾಧಿಗಳೆಂದು ಎಣಿಸುವ ಮಾತುಗಳನ್ನೂ ಸಂವಿಧಾನಕ್ಕೆ ವಿರುದ್ಧವೆಂದು ತಳ್ಳಿಹಾಕಿತು. ಕಾಯಿದೆ ರದ್ದಾದ ಎಪ್ಪತ್ತೆರಡು ವರ್ಷಗಳ ಮೇಲೆ ಇಂಥ ತೀರ್ಪು ಅವಶ್ಯವಾಯಿತೆಂಬುದೇ ವಿಚಾರಣೀಯ.

ಶಿಕ್ಷೆಯ ವಿಚಾರದಲ್ಲಿ ಹೊಸ ದಾರಿಗಳೂ ತೆರೆದಿವೆ. 2024ನೆಯ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯು, ಐದು ಸಾವಿರ ರೂಪಾಯಿಗೆ ಕಡಿಮೆ ಬೆಲೆಯ ವಸ್ತುವನ್ನು ಕದ್ದು ಮೊದಲ ಸಲ ಶಿಕ್ಷೆಗೆ ಗುರಿಯಾದವನು ಅದನ್ನಾಗಲಿ ಅದರ ಬೆಲೆಯನ್ನಾಗಲಿ ಹಿಂದಿರುಗಿಸಿದರೆ, ಅವನಿಗೆ ಸಮುದಾಯ ಸೇವೆಯ ಶಿಕ್ಷೆಯನ್ನು ವಿಧಿಸುತ್ತದೆ. ಬಡವನೊಬ್ಬನನ್ನು ಸೆರೆಮನೆಗೆ ಅಟ್ಟಿ, ಅಲ್ಲಿ ಪಳಗಿದ ಕಳ್ಳರ ಸಹವಾಸದಲ್ಲಿಡುವುದಕ್ಕಿಂತ ಇದು ಮೇಲಲ್ಲವೆ?

ಮನೆ ಕಳವಾದವನ ಸಂಕಟವನ್ನು ಯಾರೂ ಹಗುರವಾಗಿ ಎಣಿಸಬಾರದು. ಆದರೆ ಅವನಿಗೆ ನ್ಯಾಯ ಸಿಗುವುದು ಕದ್ದವನು ಸಿಕ್ಕಾಗ. ಕದ್ದವನ ಕುಲದವನು ಸಿಕ್ಕಾಗ ಅಲ್ಲ. ಊರಿನ ಹೊರಗೆ ಗುಡಿಸಲು ಹಾಕಿದ ಕುಟುಂಬಕ್ಕೆ ಕೂಲಿಯನ್ನೂ, ಅದರ ಮಕ್ಕಳಿಗೆ ಶಾಲೆಯಲ್ಲಿ ಸ್ಥಳವನ್ನೂ ಕೊಡುವ ಗ್ರಾಮವು ತನ್ನ ಮನೆಗಳ ಕಾವಲಿಗೆ ಬೇಕಾದ ಬಹುಪಾಲು ಕೆಲಸವನ್ನು ತಾನೇ ಮಾಡಿಕೊಂಡಂತಾಗುತ್ತದೆ.