ಹದಿನೈದು ಸಲ ಅರ್ಧ: ಹೊಸೂರಿನ ಗಡಿಯಾರದೊಳಗಿನ 32,768

ಬೆಂಗಳೂರಿಗೆ ಹತ್ತಿರದ, ತಮಿಳುನಾಡಿನ ಹೊಸೂರಿನಲ್ಲಿ ಸುಮಾರು ನಾಲ್ಕು ದಶಕಗಳಿಂದ ಟೈಟನ್ ಕೈಗಡಿಯಾರಗಳು ತಯಾರಾಗುತ್ತಿವೆ. ಅವುಗಳಲ್ಲಿ ಬಹುಪಾಲು ಕೀ ಕೊಡುವಂಥವಲ್ಲ, ಸೆಲ್ ಹಾಕುವಂಥವು. ಸೆಲ್ ಹಾಕಿದ ಸಾಮಾನ್ಯ ಗಡಿಯಾರ ಯಾವ ಕಂಪನಿಯದೇ ಆಗಲಿ, ಅದರೊಳಗೆ ಅಕ್ಕಿಕಾಳಿನಷ್ಟು ಸಣ್ಣ ಡಬ್ಬಿಯಲ್ಲಿ ಬೆಣಚುಕಲ್ಲಿನ (ಕ್ವಾರ್ಟ್ಜ್) ಹರಳೊಂದು ಕೂತಿರುತ್ತದೆ. ಅದು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ನೋಡಲು ವಿಚಿತ್ರವಾದ ಸಂಖ್ಯೆ. ಮೂವತ್ತು ಸಾವಿರ ಎಂದೋ ಮೂವತ್ತಾರು ಸಾವಿರ ಎಂದೋ ಇಟ್ಟುಕೊಂಡಿದ್ದರೆ ಲೆಕ್ಕಕ್ಕೂ ಬಾಯಿಗೂ ಸುಲಭವಾಗುತ್ತಿತ್ತು. ಹಾಗಿಲ್ಲದ್ದರಿಂದಲೇ ಇದನ್ನು ಹರಳಿನ ಹುಟ್ಟುಗುಣ, ಪ್ರಕೃತಿ ಕೊಟ್ಟ ಅಂಕಿ ಎಂದು ತಿಳಿದವರು ಬಹಳ. ಅದು ಸರಿಯಲ್ಲ. ಈ ಸಂಖ್ಯೆಯನ್ನು ಮನುಷ್ಯರು ಆರಿಸಿಕೊಂಡರು. ಆರಿಸುವಾಗ ಗಣಿತದ ಒಂದು ಸರಳ ಗುಣ, ಹರಳಿನ ಗಾತ್ರ, ಸೆಲ್ಲಿನ ಆಯಸ್ಸು ಈ ಮೂರರ ನಡುವೆ ಚೌಕಾಸಿ ನಡೆಯಿತು. ಆ ಚೌಕಾಸಿ ಕುದುರಿದ್ದರಿಂದಲೇ ನಿಖರವಾದ ಸಮಯ ಅಗ್ಗವಾಯಿತು, ಹೊಸೂರಿನಂಥ ಊರಿನಲ್ಲಿ ಲಕ್ಷಗಟ್ಟಲೆ ಗಡಿಯಾರ ಮಾಡುವುದು ಸಾಧ್ಯವಾಯಿತು.

ಮೊದಲು ಗಣಿತದ ಗುಣ. 32,768ನ್ನು ಅರ್ಧ ಮಾಡಿದರೆ 16,384; ಮತ್ತೆ ಅರ್ಧ 8,192; ಹೀಗೇ ಇಳಿಯುತ್ತಾ ಹದಿನೈದನೆಯ ಸಲಕ್ಕೆ ಸರಿಯಾಗಿ ಒಂದು ಉಳಿಯುತ್ತದೆ. ಎಲ್ಲಿಯೂ ಬೆಸ ಸಂಖ್ಯೆ ಅಡ್ಡ ಬರುವುದಿಲ್ಲ, ಏಕೆಂದರೆ ಇದು ಎರಡನ್ನು ಹದಿನೈದು ಸಲ ಗುಣಿಸಿ ಪಡೆದ ಸಂಖ್ಯೆ. ದುಂಡು ಸಂಖ್ಯೆಗಳಿಗೆ ಈ ಗುಣವಿಲ್ಲ. ಹೊಸೂರು ಸೀಮೆಯ ಚರಿತ್ರೆಯಿಂದಲೇ ಉದಾಹರಣೆ ಕೊಡುವುದಾದರೆ, ಧರ್ಮಪುರಿಯವರೆಗೂ ಆಳಿದ ನೊಳಂಬರ ನಾಡನ್ನು ಶಾಸನಗಳು ನೊಳಂಬವಾಡಿ 32,000 ಎನ್ನುತ್ತವೆ. ಆ 32,000ವನ್ನು ಅರ್ಧ ಮಾಡುತ್ತಾ ಹೋದರೆ ಎಂಟನೆಯ ಸಲಕ್ಕೆ 125 ಬಂದು ನಿಲ್ಲುತ್ತದೆ, ಮುಂದೆ ದಾರಿಯಿಲ್ಲ. (ಎರಡು ಸಂಖ್ಯೆಗಳು ಹತ್ತಿರವಿರುವುದು ಬರೀ ಆಕಸ್ಮಿಕ, ನೊಳಂಬರಿಗೂ ಗಡಿಯಾರಕ್ಕೂ ನಂಟು ಕಟ್ಟುವ ಅಗತ್ಯವಿಲ್ಲ.) ಛಂದಸ್ಸು ಬಲ್ಲವರಿಗೆ ಮಾತ್ರ 32,768 ಅಪರಿಚಿತವಾಗಬೇಕಿಲ್ಲ. ಪಾದಕ್ಕೆ ಹದಿನೈದು ಅಕ್ಷರಗಳ ಅತಿಶಕ್ವರೀ ಛಂದಸ್ಸಿನಲ್ಲಿ ಪ್ರತಿ ಅಕ್ಷರವೂ ಲಘುವೋ ಗುರುವೋ ಆಗಬಹುದು. ಹಾಗಾಗಿ ಆ ವರ್ಗದಲ್ಲಿ ಸಾಧ್ಯವಿರುವ ವಿನ್ಯಾಸಗಳು ಒಟ್ಟು 32,768. ಮಾಲಿನೀ ವೃತ್ತ ಅವುಗಳಲ್ಲೊಂದು. ಹತ್ತನೆಯ ಶತಮಾನದ ಕೊನೆಯಲ್ಲಿ ನಾಗವರ್ಮ ‘ಛಂದೋಂಬುಧಿ’ ಬರೆಯುವ ಹೊತ್ತಿಗೆ, ಛಂದಶ್ಶಾಸ್ತ್ರಕಾರ ಪಿಂಗಳನಿಂದ ಬಂದ ಈ ಎಣಿಕೆಯ ವಿದ್ಯೆ ಬಹಳ ಹಳೆಯದಾಗಿತ್ತು. ಲಘು-ಗುರುಗಳ ಜಾಗದಲ್ಲಿ ಸೊನ್ನೆ-ಒಂದನ್ನು ಇಟ್ಟರೆ ಗಡಿಯಾರದೊಳಗಿನ ಎಲೆಕ್ಟ್ರಾನಿಕ್ ಚಿಪ್ಪಿನ ಲೆಕ್ಕವೂ ಇದೇ.

ಚಿಪ್ಪಿಗೆ ಅರ್ಧ ಮಾಡುವುದೇ ಯಾಕೆ ಬೇಕು? ಮುಳ್ಳು ತಿರುಗಿಸುವ ಪುಟ್ಟ ಮೋಟಾರಿಗೆ ಸೆಕೆಂಡಿಗೆ ಒಂದು ಮಿಡಿತ ಸಾಕು, ಆದರೆ ಹರಳು ಸಾವಿರಾರು ಸಲ ಕಂಪಿಸುತ್ತದೆ. ನಡುವೆ ಎಣಿಸುವ ಮಂಡಲವೊಂದು ಬೇಕು. ಫ್ಲಿಪ್-ಫ್ಲಾಪ್ ಎಂಬ ಮಂಡಲ ಎರಡು ಮಿಡಿತ ಒಳಗೆ ಬಂದರೆ ಒಂದನ್ನು ಹೊರಗೆ ಬಿಡುತ್ತದೆ. ಅದಕ್ಕಿಂತ ಸರಳವಾದ ಎಣಿಕೆ ಎಲೆಕ್ಟ್ರಾನಿಕ್ಸಿನಲ್ಲಿ ಇಲ್ಲ. ಅಂಥ ಹದಿನೈದನ್ನು ಸಾಲಾಗಿ ಜೋಡಿಸಿದರೆ ಕೆಲಸ ಮುಗಿಯಿತು. ಹತ್ತರಿಂದ ಭಾಗಿಸಬೇಕೆಂದರೆ ಪ್ರತಿ ಹಂತಕ್ಕೂ ಅಂಥ ನಾಲ್ಕು ಮಂಡಲ ಬೇಕು, ಹತ್ತಕ್ಕೆ ಬಂದ ಕೂಡಲೇ ಮತ್ತೆ ಸೊನ್ನೆಗೆ ತರುವ ಏರ್ಪಾಡೂ ಬೇಕು. ಗಣಿತದಲ್ಲಿ ಅರವತ್ತು ಶ್ರೀಮಂತ ಸಂಖ್ಯೆ: ಎರಡು, ಮೂರು, ನಾಲ್ಕು, ಐದು, ಆರರಿಂದಲೂ ಭಾಗವಾಗುತ್ತದೆ, ಅದಕ್ಕೇ ಗಂಟೆ-ನಿಮಿಷಗಳಿಗೆ ಒಗ್ಗಿತು. 32,768ಕ್ಕೆ ಎರಡು ಬಿಟ್ಟರೆ ಬೇರೆ ಅವಿಭಾಜ್ಯ ಅಪವರ್ತನವೇ ಇಲ್ಲ. ಯಂತ್ರಕ್ಕೆ ಬೇಕಾದದ್ದು ಈ ಬಡತನವೇ. ತನ್ನನ್ನು ಬಿಟ್ಟು ಉಳಿದ ಎಲ್ಲ ಭಾಜಕಗಳನ್ನು ಕೂಡಿದರೆ 32,767, ಅಂದರೆ ತನಗಿಂತ ಒಂದೇ ಒಂದು ಕಡಿಮೆ.

ಸರಿ, ಎರಡರ ಘಾತವೇ ಬೇಕು, ಹದಿನೈದನೆಯದೇ ಯಾಕೆ? ಇಲ್ಲಿ ಗಣಿತ ಮೌನವಾಗುತ್ತದೆ, ಚರಿತ್ರೆ ಮಾತಾಡಬೇಕು. ಕೆಲವು ಹರಳುಗಳನ್ನು ಒತ್ತಿದರೆ ವಿದ್ಯುತ್ ಹುಟ್ಟುತ್ತದೆ ಎಂದು ಕ್ಯೂರಿ ಸಹೋದರರು ತೋರಿಸಿದ್ದು 1880ರಲ್ಲಿ. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ವಾರನ್ ಮ್ಯಾರಿಸನ್ ಮೊದಲ ಕ್ವಾರ್ಟ್ಜ್ ಗಡಿಯಾರ ಕಟ್ಟಿದ್ದು 1927ರಲ್ಲಿ. ಅದನ್ನು ಮಣಿಕಟ್ಟಿಗೆ ತರಲು ಇನ್ನೂ ನಲವತ್ತು ವರ್ಷ ಬೇಕಾಯಿತು. 1969ರ ಡಿಸೆಂಬರ್ 25ರಂದು ಜಪಾನಿನ ಸೀಕೋ ಮಾರುಕಟ್ಟೆಗೆ ಬಿಟ್ಟ ‘ಆಸ್ಟ್ರಾನ್’ ಗಡಿಯಾರದ ಹರಳು ಸೆಕೆಂಡಿಗೆ 8,192 ಸಲ ಕಂಪಿಸುತ್ತಿತ್ತು. ಬೆಲೆ ಆ ಕಾಲದ ಒಂದು ಸಣ್ಣ ಕಾರಿನಷ್ಟು. 1971ರಲ್ಲಿ ಸ್ವಿಸ್ ಕಂಪನಿ ಜಿರಾರ್ ಪೆರೆಗೋ 32,768ಕ್ಕೆ ಏರಿತು. ಅದೇ ಸುಮಾರಿಗೆ ಅಮೆರಿಕದಲ್ಲಿ ಯೂರ್ಗೆನ್ ಸ್ಟೌಟೆ, ಚಿಪ್ಪು ಮಾಡುವ ಬೆಳಕಿನ ಅಚ್ಚಿನ ವಿಧಾನದಿಂದಲೇ ಶ್ರುತಿಕವೆಯ (ಟ್ಯೂನಿಂಗ್ ಫೋರ್ಕ್) ಆಕಾರದ ಹರಳುಗಳನ್ನು ರಾಶಿರಾಶಿಯಾಗಿ ಕೊರೆಯುವ ದಾರಿ ಕಂಡುಹಿಡಿದ. ಕಂಪನ ನಿಧಾನವಾದಷ್ಟೂ ಕವೆಯ ಕಾಲು ಉದ್ದವಾಗಬೇಕು. ಉದ್ದವಾದರೆ ಗಡಿಯಾರದಲ್ಲಿ ಜಾಗ ಸಾಲದು, ಏಟು ಬಿದ್ದರೆ ತಡೆಯದು. ಕಂಪನ ಜೋರಾದಷ್ಟೂ ಚಿಪ್ಪು ಕರೆಂಟ್ ಹೆಚ್ಚು ಕುಡಿಯುತ್ತದೆ, 65,536ಕ್ಕೆ ಏರಿಸಿದರೆ ಸೆಲ್ ಬೇಗ ಮುಗಿಯುತ್ತದೆ. ನಡುವೆ ಸಿಕ್ಕ ಹದವೇ 32,768. ಮನುಷ್ಯನ ಕಿವಿಗೆ ಕೇಳುವ ಮಿತಿಯಾದ ಇಪ್ಪತ್ತು ಸಾವಿರವನ್ನು ದಾಟಲೆಂದು ಇದನ್ನು ಆರಿಸಿದರು ಎಂಬ ಮಾತೂ ಇದೆ. ಅದಕ್ಕೆ ಹೆಚ್ಚು ತೂಕ ಕೊಡಲಾರೆ: ಹರಳು ಇರುವುದೇ ಗಾಳಿ ತೆಗೆದು ಮುಚ್ಚಿದ ಡಬ್ಬಿಯಲ್ಲಿ, ಮೊದಲು ಬಂದ 8,192 ಕಿವಿಯ ಮಿತಿಯೊಳಗೇ ಇದ್ದೂ ಗಡಿಯಾರ ನಡೆಯಿತು.

ಹರಳು ತಾನಾಗಿಯೇ ಈ ವೇಗ ಹಿಡಿಯುವಾಗ ಆರಿಸಿದ್ದು ಎನ್ನುವುದು ಹೇಗೆ ಎಂಬ ಆಕ್ಷೇಪ ಬರಬಹುದು. ಕೃಷ್ಣಗಿರಿಯ ಗ್ರಾನೈಟ್ ಗಣಿಗಳ ಕಲ್ಲಿನಲ್ಲೂ ಬೆಣಚು ಇದೆ, ಅದಕ್ಕೆ ಇಂಥ ಯಾವ ಸಂಖ್ಯೆಯೂ ಇಲ್ಲ. ವೇಗ ನಿರ್ಧಾರವಾಗುವುದು ಹರಳನ್ನು ಕೊರೆದ ಕೋನ, ಕಾಲಿನ ಉದ್ದ ಮತ್ತು ದಪ್ಪದಿಂದ. ಕೊನೆಗೆ ಕಾಲಿನ ತುದಿಗೆ ಬಳಿದ ಲೋಹವನ್ನು ಲೇಸರಿನಿಂದ ಚೂರುಚೂರೇ ಹಾರಿಸಿ ಅಂಕಿಗೆ ಕೂರಿಸುತ್ತಾರೆ. ಪ್ರಕೃತಿಯಲ್ಲಿ ಅಳೆದು ಪಡೆದ ಸಂಖ್ಯೆ ಹೇಗಿರುತ್ತದೆಂದು ನೋಡಬೇಕಾದರೆ ಸೆಕೆಂಡಿನ ವ್ಯಾಖ್ಯೆಯನ್ನೇ ನೋಡಬಹುದು: 1967ರಿಂದ ಅದು ಸೀಸಿಯಂ ಪರಮಾಣುವಿನ 9,19,26,31,770 ಆವರ್ತಗಳ ಕಾಲ. ಅದನ್ನು ಎರಡರಿಂದ ಒಂದೇ ಸಲ ಭಾಗಿಸಬಹುದು, ಅಷ್ಟಕ್ಕೇ ಬೆಸ.

ಇನ್ನು ಹೊಸೂರು. 1961ರಿಂದ ಬೆಂಗಳೂರಿನಲ್ಲಿ ಎಚ್‌ಎಂಟಿ, ಜಪಾನಿನ ಸಿಟಿಜನ್ ನೆರವಿನಿಂದ ಕೈಗಡಿಯಾರ ಮಾಡುತ್ತಿತ್ತು. ಕೀ ಕೊಡುವ ಆ ಗಡಿಯಾರಗಳು ಸೆಕೆಂಡಿಗೆ ಐದು ಸಲ ಟಿಕ್ ಎನ್ನುತ್ತಿದ್ದವು. ದಿನಕ್ಕೆ ಹತ್ತಿಪ್ಪತ್ತು ಸೆಕೆಂಡು ಹಿಂದುಮುಂದಾದರೆ ಯಾರೂ ಬೈಯುತ್ತಿರಲಿಲ್ಲ. 1984ರಲ್ಲಿ ಟಾಟಾ ಸಮೂಹವೂ ತಮಿಳುನಾಡು ಸರ್ಕಾರದ ಟಿಡ್ಕೋ ನಿಗಮವೂ ಸೇರಿ, ಜೆರ್ಕ್ಸಿಸ್ ದೇಸಾಯಿ ಮುಂದಾಳತ್ವದಲ್ಲಿ ಟೈಟನ್ ಕಟ್ಟಿದಾಗ ಪಂದ್ಯ ಕಟ್ಟಿದ್ದು ಕ್ವಾರ್ಟ್ಜ್ ಮೇಲೆ. ಎಚ್‌ಎಂಟಿಯೂ ಕ್ವಾರ್ಟ್ಜ್ ಮಾಡಿತ್ತು, ಆದರೆ ಅದರ ಮನಸ್ಸು ಕೀಲಿಯ ಮೇಲೇ ಇತ್ತು. ಇದಕ್ಕೆಲ್ಲ ಸಂಖ್ಯೆಯೊಂದು ಕಾರಣವೇ, ಸರ್ಕಾರದ ಪ್ರೋತ್ಸಾಹ, ಅಗ್ಗದ ಜಮೀನು, ನಲವತ್ತು ಕಿಲೋಮೀಟರ್ ದೂರದ ಬೆಂಗಳೂರು ಕಾರಣವಲ್ಲವೇ ಎಂದರೆ, ಕಾರ್ಖಾನೆ ಎಲ್ಲಿ ಬಂತು ಎಂಬುದಕ್ಕೆ ಅವೇ ಪೂರ್ತಿ ಉತ್ತರ. ಎಂಥ ಕಾರ್ಖಾನೆ ಬಂತು ಎಂಬುದಕ್ಕಲ್ಲ. ಕೀಲಿ ಗಡಿಯಾರದ ನಿಖರತೆ ಕೊನೆಗೂ ಅದನ್ನು ಹೊಂದಿಸುವ ಕೈಯ ಅನುಭವದಲ್ಲಿರುತ್ತದೆ. ಕ್ವಾರ್ಟ್ಜಿನಲ್ಲಿ ಅದು ಹರಳಿನಲ್ಲೇ ಕೂತು ಬರುತ್ತದೆ. ತಿಂಗಳಿಗೆ ಹದಿನೈದು ಸೆಕೆಂಡಿಗಿಂತ ಹೆಚ್ಚು ತಪ್ಪದ ಗಡಿಯಾರವನ್ನು, ತಲೆಮಾರುಗಳ ಗಡಿಯಾರದ ಕಸುಬಿಲ್ಲದ ಸೀಮೆಯಲ್ಲೂ, ಅಂದಿನ ಧರ್ಮಪುರಿ ಜಿಲ್ಲೆಯಲ್ಲಿ, ಜೋಡಿಸಲು ಸಾಧ್ಯವಾದದ್ದು ಹಾಗೆ. ಉಳಿದ ಕೌಶಲವೆಲ್ಲ ಬೇರೆ ಕಡೆಗೆ ತಿರುಗಿತು. 2002ರ ‘ಎಡ್ಜ್’ ಗಡಿಯಾರದ ಯಂತ್ರದ ದಪ್ಪ ಬರೀ 1.15 ಮಿಲಿಮೀಟರ್.

ಎರಡರ ಘಾತವೇ ಅನಿವಾರ್ಯವಲ್ಲ ಎನ್ನಲು ಸಾಕ್ಷಿಯೂ ಇದೆ. 1974ರ ಒಮೆಗಾ ‘ಮೆಗಾಕ್ವಾರ್ಟ್ಜ್’ ಸೆಕೆಂಡಿಗೆ 23,59,296 ಸಲ ಕಂಪಿಸುತ್ತಿತ್ತು. ಅದನ್ನು ಹದಿನೆಂಟು ಸಲ ಅರ್ಧ ಮಾಡಿದರೆ ಒಂಬತ್ತು ಉಳಿಯುತ್ತದೆ. ಅದು ಅತ್ಯಂತ ನಿಖರ, ಅಷ್ಟೇ ದುಬಾರಿ, ಹೆಚ್ಚು ಕಾಲ ಬಾಳಲಿಲ್ಲ. ಕೈಗಡಿಯಾರವೇ ಹಳತಾಯಿತು, ಮೊಬೈಲ್ ಇದೆಯಲ್ಲ ಎನ್ನುವವರ ಮೊಬೈಲಿನಲ್ಲೂ, ಮನೆಗೋಡೆಯ ಎಲೆಕ್ಟ್ರಾನಿಕ್ ವಿದ್ಯುತ್ ಮೀಟರಿನಲ್ಲೂ ಹೊತ್ತು ಕಾಯಲು ಇಟ್ಟಿರುವುದು ಹೆಚ್ಚಾಗಿ ಇದೇ 32,768ರ ಹರಳು. ಅದು ಸೆಕೆಂಡಿಗೆ ಒಂದೇ ಒಂದು ಕಂಪನ ತಪ್ಪಿದರೂ ದಿನಕ್ಕೆ ಎರಡೂವರೆ ಸೆಕೆಂಡಿಗೂ ಹೆಚ್ಚು ವ್ಯತ್ಯಾಸ ಬೀಳುತ್ತದೆ. ಹೀಗಾಗಿ ಮೊಬೈಲು ಆಗಾಗ ಟವರಿನಿಂದಲೋ ಇಂಟರ್‌ನೆಟ್ಟಿನಿಂದಲೋ ಸಮಯ ಕೇಳಿ ತಿದ್ದಿಕೊಳ್ಳುತ್ತದೆ, ಕೈಗಡಿಯಾರವನ್ನು ತಿರುಪಿನಿಂದ ನಾವೇ ತಿದ್ದಬೇಕು.